ಎಣ್ಣೆ ಚೆಲ್ಲುವ ಅಧಿಕಾರ ಯಾರ ಕೈಯಲ್ಲಿದೆ?

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಾಟುಂಗಾ, ದಾದರ್, ಅಂಧೇರಿ ಕಡೆ ಹೋಟೆಲ್ ನಡೆಸುವವರೇ ಇಲ್ಲಿ ಹೆಚ್ಚು ಕೂತಿದ್ದೀರಿ. ಹಾಗಾಗಿ ನೈತಿಕ ನಾಯಕತ್ವದ ಮಾತನ್ನು ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ.

ಕರಿಯುವ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಅಂಶಗಳು) ಶೇ. 25 ದಾಟಿದರೆ ಬಳಸಬಾರದೆಂಬ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಸಂಜೆ ಹೊತ್ತು, ಗಿರಾಕಿ ತುಂಬಿದ್ದಾರೆ. ಎಣ್ಣೆ ಕಪ್ಪಾಗಿದೆ, ನೊರೆ ಏಳುತ್ತಿದೆ. ಭಟ್ಟರು ಗಲ್ಲಾದ ಕಡೆ ನೋಡುತ್ತಾರೆ. "ಇನ್ನೆರಡು ಒಬ್ಬೆ ತೆಗೀರಿ ಮಾರಾಯ್ರೇ" ಎಂದು ಉತ್ತರ ಬಂದರೆ, ಗೋಡೆಯ ಮೇಲಿನ 'ಶುಚಿ-ರುಚಿ' ಬೋರ್ಡಿಗೆ ಅರ್ಥ ಉಳಿಯಲಿಲ್ಲ. ತಮ್ಮ ಕಸುಬಿನ ತಿಳುವಳಿಕೆಗೆ ಇಲ್ಲಿ ಬೆಲೆಯಿಲ್ಲ ಎಂದು ಭಟ್ಟರಿಗೂ ತಿಳಿಯಿತು. ನಾಳೆಯಿಂದ ಅವರು ಕೇಳುವುದೇ ಇಲ್ಲ.

2005ರಲ್ಲಿ ಬ್ರೌನ್, ಟ್ರೆವಿನೊ, ಹ್ಯಾರಿಸನ್ ಎಂಬ ಸಂಶೋಧಕರು ನೈತಿಕ ನಾಯಕತ್ವಕ್ಕೆ ಕೊಟ್ಟ ವಿವರಣೆಯಲ್ಲಿ ಎರಡು ಭಾಗ ಇವೆ: ಯಜಮಾನ ತಾನು ನೆಟ್ಟಗಿರಬೇಕು, ಜೊತೆಗೆ ಅದನ್ನು ಮಾತು, ನಿರ್ಧಾರ, ಶಿಸ್ತಿನ ಮೂಲಕ ಕೆಲಸದವರಿಗೂ ಮುಟ್ಟಿಸಬೇಕು. ನಮ್ಮವರು ಸೋಲುವುದು ಎರಡನೆಯದರಲ್ಲಿ. ಮನುಷ್ಯ ಪ್ರಾಮಾಣಿಕ, ಆದರೆ ಬಾಯಿ ಬಿಡುವುದಿಲ್ಲ. ಎಣ್ಣೆಯ ವಿಷಯ ಮ್ಯಾನೇಜರಿಗೆ ಬಿಟ್ಟಿರುತ್ತಾರೆ, ಮ್ಯಾನೇಜರಿಗೆ ಕೇಳುವುದು ಮಾತ್ರ ತಿಂಗಳ ಎಣ್ಣೆ ಖರ್ಚು!

ಹಾಗಾದರೆ ಮಾಡುವುದೇನು? ಎಣ್ಣೆ ಚೆಲ್ಲುವ ನಿರ್ಧಾರ ಬಾಣಲೆಯ ಮುಂದೆ ನಿಂತವರದ್ದೇ ಎಂದು ಎಲ್ಲರೆದುರು ಹೇಳಿ. ಪೋಲಾರ್ ಸಂಯುಕ್ತ ಅಳೆಯುವ ಮೀಟರ್ ಕೊಡಿಸಿ. ವಡೆ ತೆಗೆದು, ಗುಳ್ಳೆ ನಿಂತ ಮೇಲೆ ಮೀಟರನ್ನು ಎಣ್ಣೆಗೆ ಅದ್ದಬೇಕು, ನೀರಿನಂಶವಿದ್ದರೆ ಅಂಕಿ ಹೆಚ್ಚು ತೋರಿಸುತ್ತದೆ. ಹಳೆಯದಕ್ಕೆ ಹೊಸ ಎಣ್ಣೆ ಸುರಿದರೆ ಅಂಕಿ ಇಳಿಯುತ್ತದೆ, ಆದರೆ ಹೊಸದೂ ಬೇಗ ಕೆಡುತ್ತದೆ. ಚೆಲ್ಲಿದ್ದನ್ನು ರಿಜಿಸ್ಟರಿನಲ್ಲಿ ಬರೆಯಿರಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರಿಗೆ ದಾಖಲೆ ಹೇಗೂ ಕಡ್ಡಾಯ. ಆ ಪುಟ ನೋಡಿ ಮುಖ ಗಂಟಿಕ್ಕಿದಿರೋ, ಕೊಟ್ಟ ಅಧಿಕಾರ ಅಲ್ಲಿಗೇ ಮುಗಿಯಿತು.

ಕೆಲಸ ಯಾರಿಗೆ ಉಪಯೋಗವಾಗುತ್ತಿದೆ ಎಂದು ಕಣ್ಣಾರೆ ಕಂಡರೆ ಹುರುಪು ಹೆಚ್ಚುವುದೂ ನಿಜ. ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರು ವಿದ್ಯಾರ್ಥಿವೇತನ ಪಡೆದವನೊಬ್ಬನನ್ನು ಕೆಲವೇ ನಿಮಿಷ ಭೇಟಿಯಾದರು. ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಹೊತ್ತು ದುಪ್ಪಟ್ಟಿಗೂ ಮೀರಿತ್ತು ಎಂದು ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ತೋರಿಸಿದರು. ಉಪ್ಪು ಕಡಿಮೆಯ ಸಾಂಬಾರ್ ಕೇಳುವ ಅಜ್ಜನಿಗೆ ಭಟ್ಟರ ಪರಿಚಯ ಮಾಡಿಸಲು ಖರ್ಚೇನೂ ಇಲ್ಲ.

ಆದರೆ 'ಇದು ಸೇವೆ' ಎಂಬ ಮಾತು ಸಂಬಳಕ್ಕೆ ಬದಲಿಯಾದರೆ ಅದು ಮೋಸ. ಅಮೆರಿಕದ ಮೃಗಾಲಯ ಪಾಲಕರ ಬಗ್ಗೆ 2009ರಲ್ಲಿ ಬಂದ ಅಧ್ಯಯನದಲ್ಲಿ, ಕೆಲಸವನ್ನು ಕರ್ತವ್ಯವೆಂದು ನಂಬಿದವರು ಹಣವನ್ನೂ ಸುಖವನ್ನೂ ಬಿಡಲು ತಯಾರಿದ್ದರು. ಆಡಳಿತದವರು ತಪ್ಪಿದಾಗ ಅಷ್ಟೇ ನಿಷ್ಠುರವಾಗಿ ನೋಡುತ್ತಿದ್ದರು. ಹಾಗಾಗಿ ಮೊದಲು ಹಣದ ಲೆಕ್ಕ ನೆಟ್ಟಗಿರಲಿ. ನಿಮ್ಮಲ್ಲಿ 20 ಜನ ಕೆಲಸದವರಿದ್ದರೆ ಪಿಎಫ್ ನಿಯಮ ಅನ್ವಯ. ಮುರಿದುಕೊಂಡ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದ ಮೇಲೆ ಹುಡುಗರ ಮೊಬೈಲಿನಲ್ಲೇ ಪಾಸ್‌ಬುಕ್ ತೆರೆದು ತೋರಿಸಿ. ಸೇವೆಯ ಮಾತು ಆಮೇಲೆ ಆಡೋಣ.