ಕನ್ನಡ ಪುಟದಲ್ಲೇ ಯಾಕೆ ವಾರ್ನಿಂಗ್ ಬರುತ್ತದೆ?

ಎಲ್ಲರಿಗೂ ಶರಣು.

ಕಲಬುರಗಿಯ ಈ ಹಾಲ್‌ನಲ್ಲಿ ಕೂತವರೆಲ್ಲ ಸರ್ವರಿನಲ್ಲಿ ವೆಬ್ ಪುಟ ಕಟ್ಟುವ ಭಾಷೆಯಾದ ಪಿಎಚ್‌ಪಿ ಬರೆಯುವವರೇ. ‘ಹೆಡರ್ಸ್ ಆಲ್ರೆಡಿ ಸೆಂಟ್’, ಅಂದರೆ ಪುಟಕ್ಕಿಂತ ಮೊದಲು ಹೋಗುವ ಮಾಹಿತಿ (ಹೆಡರ್) ಆಗಲೇ ಹೊರಟುಹೋಗಿದೆ, ಎಂಬ ವಾರ್ನಿಂಗ್ ನೋಡದವರು ಇಲ್ಲಿ ಇರಲಿಕ್ಕಿಲ್ಲ. ಅದು ಬಂದ ಕೂಡಲೇ ಏನು ಮಾಡುತ್ತೀರಿ? ಔಟ್‌ಪುಟ್ಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಫರ್ ತೆರೆಯಲು ಫೈಲಿನ ಮೊದಲ ಸಾಲಿಗೇ ಒಂದು ಓಬಿ_ಸ್ಟಾರ್ಟ್ ಹಾಕುತ್ತೀರಿ. ವಾರ್ನಿಂಗ್ ಮಾಯ. ಆ ರೂಢಿ ಬಿಡಿ ಎಂದು ಹೇಳುವುದಕ್ಕೇ ಬಂದಿದ್ದೇನೆ.

ನಮ್ಮ ಊರಿನ ಹುಡುಗರು ತೊಗರಿ ಧಾರಣೆ ತೋರಿಸುವ ಒಂದು ಪುಟ ಮಾಡಿದ್ದರು. ಕನ್ನಡದಲ್ಲೂ ಇತ್ತು, ಇಂಗ್ಲಿಷಿನಲ್ಲೂ ಇತ್ತು. ಕೋಡ್ ಒಂದೇ. ಮೇಲೆ ಸೂಚನೆ, ಧಾರಣೆ ಪಟ್ಟಿ ಎಲ್ಲ ಪ್ರಿಂಟ್ ಆಗುತ್ತಿತ್ತು. ಅದರ ಕೆಳಗೆ, ಲಾಗಿನ್ ಆಗದವರನ್ನು ಬೇರೆ ಪುಟಕ್ಕೆ ಕಳಿಸುವ ಸಾಲು. ಇಂಗ್ಲಿಷ್ ಪುಟ ಸಲೀಸಾಗಿ ಓಡಿತು. ಕನ್ನಡ ಪುಟದಲ್ಲಿ ವಾರ್ನಿಂಗ್. ‘ಸರ್, ಪಿಎಚ್‌ಪಿಗೆ ಕನ್ನಡ ಆಗಿಬರಲ್ಲ’ ಎಂದ ಒಬ್ಬ. ಪಾಪ, ಅವನಿಗೆ ಬೇರೇನು ತೋಚಬೇಕು?

ಈಗ ಲೆಕ್ಕ ನೋಡಿ. ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್‌ಐ (ಸೆಟ್ಟಿಂಗ್) ಫೈಲಿನಲ್ಲಿ ಔಟ್‌ಪುಟ್ ಬಫರಿಂಗ್ 4096 ಬೈಟ್ ಇರುತ್ತದೆ. ಅಷ್ಟು ತುಂಬುವವರೆಗೆ ನೀವು ಎಕೋ ಮಾಡಿದ್ದು, ಅಂದರೆ ಪ್ರಿಂಟ್ ಮಾಡಿದ್ದು, ಒಳಗೇ ಇರುತ್ತದೆ. ತುಂಬಿದ ಕೂಡಲೇ ಹೊರಗೆ ಹೋಗುತ್ತದೆ, ಅದಕ್ಕೂ ಮೊದಲು ಹೆಡರ್ ಹೋಗುತ್ತದೆ. ಎಚ್‌ಟಿಟಿಪಿಯಲ್ಲಿ ಹೆಡರ್ ಮೊದಲು, ಒಂದು ಖಾಲಿ ಸಾಲು, ಆಮೇಲೆ ಪುಟ. ಬೇರೆ ಪುಟಕ್ಕೆ ಕಳಿಸುವ ರಿಡೈರೆಕ್ಟ್ ಕೂಡ ಹೆಡರೇ. ಪುಟ ಹೊರಟ ಮೇಲೆ ರಿಡೈರೆಕ್ಟ್ ಮಾಡುತ್ತೇನೆ ಎಂದರೆ, ಲಗ್ನಪತ್ರಿಕೆ ಹಂಚಿದ ಮೇಲೆ ಮುಹೂರ್ತ ಬದಲಿಸಿದ ಹಾಗೆ.

ಇನ್ನು ಕನ್ನಡ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ 3 ಬೈಟ್ ಬೇಕು. ‘ತೊಗರಿ’ ಎಂದರೆ ತ, ಒತ್ವ, ಗ, ರ, ಗುಡಿಸು. ಒಟ್ಟು 15 ಬೈಟ್. ಅದನ್ನೇ ಇಂಗ್ಲಿಷಿನಲ್ಲಿ ಟಿ, ಯು, ಆರ್ ಎಂದು ಬರೆದರೆ 3. ಇಂಗ್ಲಿಷ್ ಪುಟ 4096ರ ಒಳಗೇ ಉಳಿದಿತ್ತು, ಕನ್ನಡ ಪುಟ ದಾಟಿತ್ತು. ತಪ್ಪು ಎರಡರಲ್ಲೂ ಇತ್ತು, ಇಂಗ್ಲಿಷ್ ಪುಟದ ತಪ್ಪನ್ನು ಬಫರ್ ಮುಚ್ಚಿಟ್ಟಿತ್ತು. ಅಷ್ಟೇ ಅಲ್ವಾ?

ಕನ್ನಡದವರಿಗೆ ಇನ್ನೊಂದು ಕಾಟವೂ ಇದೆ. ಹಳೆಯ ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಎಂದು ಉಳಿಸಿದರೆ ಫೈಲಿನ ಮೊದಲಿಗೆ ಕಣ್ಣಿಗೆ ಕಾಣದ 3 ಬೈಟ್ ಸೇರುತ್ತವೆ. ಅದೇ ಬಾಮ್. ಪಿಎಚ್‌ಪಿಗೆ ಅದೂ ಔಟ್‌ಪುಟ್ಟೇ, ಹಾಗಾಗಿ ಬಫರ್ ಇಲ್ಲದಿದ್ದರೆ ಅದೇ ಮೊದಲು ಹೊರಡುತ್ತದೆ. 2019ರ ನಂತರದ ವಿಂಡೋಸ್ 10ರಲ್ಲಿ ಅದಿಲ್ಲದೆ ಉಳಿಸುವುದೇ ರೂಢಿಯಾಯಿತು. ವಾರ್ನಿಂಗ್ ಪೂರ್ತಿ ಓದಿ. ಔಟ್‌ಪುಟ್ ಯಾವ ಫೈಲಿನ ಯಾವ ಸಾಲಿನಲ್ಲಿ ಶುರುವಾಯಿತು ಎಂದು ಅದೇ ಹೇಳುತ್ತದೆ. ಸಾಲು 1 ಎಂದಿದ್ದರೆ ಮೊದಲು ಬಾಮ್ ಹುಡುಕಿ.

ಪರಿಹಾರ ದೊಡ್ಡದೇನಲ್ಲ. ಸೆಷನ್, ಕುಕೀ, ಫಾರ್ಮ್ ಪರಿಶೀಲನೆ, ರಿಡೈರೆಕ್ಟ್ ಎಲ್ಲ ಮೊದಲು. ರಿಡೈರೆಕ್ಟ್ ಆದ ಮೇಲೆ ಎಕ್ಸಿಟ್. ಎಚ್‌ಟಿಎಂಎಲ್ ಕೊನೆಗೆ.

ಬಫರ್ ಬೇಡವೇ ಬೇಡ ಎಂದು ಹೇಳುತ್ತಿಲ್ಲ. ಟೆಂಪ್ಲೇಟ್ ಒಂದನ್ನು ಇನ್‌ಕ್ಲೂಡ್ ಮಾಡಿ, ಬಂದದ್ದನ್ನು ಓಬಿ_ಗೆಟ್_ಕ್ಲೀನ್‌ನಿಂದ ತೆಗೆದು ಮೇಲ್‌ಗೆ ಸೇರಿಸಬೇಕಾದರೆ ಅದರಷ್ಟು ಒಳ್ಳೆಯ ದಾರಿ ಇಲ್ಲ. ಅಲ್ಲಿ ಬೇಕೆಂದೇ ತೆರೆಯುತ್ತೀರಿ, ನೀವೇ ಮುಚ್ಚುತ್ತೀರಿ.

ಸಮಯ ಆಗುತ್ತಾ ಬಂತು. ಬಫರ್‌ನಲ್ಲಿದ್ದದ್ದನ್ನು ಹೊರಗೆ ತಳ್ಳುವ ಫ್ಲಶ್ ಬಗ್ಗೆ ಒಂದೇ ಮಾತು: ಪಿಎಚ್‌ಪಿಯಲ್ಲಿ ಫ್ಲಶ್ ಮಾಡಿದರೂ ಮುಂದೆ ಎಂಜಿನೆಕ್ಸ್ ಎಂಬ ವೆಬ್ ಸರ್ವರ್ ತನ್ನ ಬಫರ್‌ನಲ್ಲಿ ಹಿಡಿದಿಡಬಹುದು. ದೊಡ್ಡ ಫೈಲ್ ಡೌನ್‌ಲೋಡ್ ಕೊಡುವಾಗ ತೆರೆದ ಬಫರ್ ಮುಚ್ಚಿ, ಇಲ್ಲದಿದ್ದರೆ ಇಡೀ ಫೈಲ್ ಮೆಮೊರಿಗೆ ಬಂದು ಕೂರಬಹುದು.

ಲ್ಯಾಪ್‌ಟಾಪ್ ತಂದವರು ಈಗಲೇ ಐಎನ್‌ಐ ತೆರೆಯಿರಿ. ಔಟ್‌ಪುಟ್ ಬಫರಿಂಗ್ 0 ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿ, ನಿಮ್ಮ ಪ್ರಾಜೆಕ್ಟಿನ ಕನ್ನಡ ಪುಟ ಓಡಿಸಿ. ವಾರ್ನಿಂಗ್ ಬಂದವರು ಮುಂದೆ ಬನ್ನಿ, ಕೂತು ನೋಡೋಣ.