ಗಾಯಕ್ಕೆ ಸಕ್ಕರೆ ಎಲ್ಲಿಂದ ಬರುತ್ತದೆ?

ಎಲ್ಲರಿಗೂ ನಮಸ್ಕಾರ.

ದೊಡ್ಡ ಸುಟ್ಟಗಾಯದ ರೋಗಿಗೆ ಇನ್ಸುಲಿನ್ ಶುರು ಮಾಡಿದ ದಿನ ಮನೆಯವರು ಗಾಬರಿಯಿಂದ ಕೇಳುತ್ತಾರೆ: "ಇವರಿಗೆ ಶುಗರ್ ಇರಲೇ ಇಲ್ಲವಲ್ಲ ಡಾಕ್ಟ್ರೇ, ಈಗ ಹೇಗೆ ಬಂತು?" ನ್ಯಾಯವಾದ ಪ್ರಶ್ನೆ. ಇವತ್ತಿನ ನನ್ನ ಮಾತೆಲ್ಲ ಅದಕ್ಕೇ ಉತ್ತರ.

ಗಾಯ ಚರ್ಮದ್ದು, ಬೇನೆ ಇಡೀ ದೇಹದ್ದು. ಮೈಯ ಶೇಕಡಾ 20ಕ್ಕಿಂತ ಹೆಚ್ಚು ಭಾಗ ಸುಟ್ಟಾಗ ಇದು ಸ್ಪಷ್ಟವಾಗಿ ಕಾಣುತ್ತದೆ. 1942ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಕತ್‌ಬರ್ಟ್‌ಸನ್ ದೊಡ್ಡ ಗಾಯದ ನಂತರದ ದಿನಗಳನ್ನು ಕಡಲಿನ ಇಳಿತ, ಉಬ್ಬರಗಳಂತೆ ಎರಡು ಹಂತ ಮಾಡಿದರು. ಮೊದಲ ಒಂದೆರಡು ದಿನ ಇಳಿತ: ದೇಹ ತಣ್ಣಗಾಗುತ್ತದೆ, ಚಯಾಪಚಯ, ಅಂದರೆ ದೇಹ ಇಂಧನ ಬಳಸುವ ವೇಗ, ಕುಗ್ಗುತ್ತದೆ. ಆಮೇಲೆ ಉಬ್ಬರ. ಗಾಯ ತೀರಾ ದೊಡ್ಡದಾದರೆ ಸುಮ್ಮನೆ ಮಲಗಿರುವಾಗಲೂ ದೇಹ ಮಾಮೂಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಸುಡಬಹುದು.

ಚರ್ಮದ ಹೊದಿಕೆ ಹೋದ ಜಾಗದಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಒಂದು ಲೀಟರ್ ನೀರು ಹೋದರೆ ಸುಮಾರು 580 ಕಿಲೋಕ್ಯಾಲರಿ ಶಾಖವೂ ಹೋಗುತ್ತದೆ. ಅದಕ್ಕೇ ಬರ್ನ್ಸ್ ವಾರ್ಡನ್ನು ಬೆಚ್ಚಗಿಡುತ್ತೇವೆ. ಆದರೆ ಕೋಣೆ ಎಷ್ಟು ಬೆಚ್ಚಗಿದ್ದರೂ ಈ ಉರಿ ಪೂರ್ತಿ ಇಳಿಯುವುದಿಲ್ಲ, ಏಕೆಂದರೆ ಒಳಗಿನಿಂದ ಅದನ್ನು ಹೊತ್ತಿಸುತ್ತಿರುವುದು ಅಡ್ರಿನಲಿನ್ ಬಳಗ, ಕಾರ್ಟಿಸಾಲ್, ಗ್ಲುಕಗಾನ್ ಎಂಬ ಹಾರ್ಮೋನುಗಳು.

ಈಗ ಸಕ್ಕರೆಯ ಕಡೆ ಬರೋಣ. ಗಾಯದಲ್ಲಿ ಕೆಲಸ ಮಾಡುವ ಬಿಳಿರಕ್ತಕಣಗಳಿಗೂ ಹೊಸ ಅಂಗಾಂಶ ಕಟ್ಟುವ ಕೋಶಗಳಿಗೂ ಬೇಕಾದ ಇಂಧನ ಗ್ಲೂಕೋಸ್. ಅಲ್ಲಿ ಆಮ್ಲಜನಕ ಸಾಲದು, ಹಾಗಾಗಿ ಗ್ಲೂಕೋಸ್ ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಆಗುತ್ತದೆ. ಅದನ್ನು ಲಿವರ್ ಮತ್ತೆ ಗ್ಲೂಕೋಸ್ ಮಾಡಿ ಕಳಿಸುತ್ತದೆ. ಈ ಸುತ್ತಿನಲ್ಲಿ ಗಾಯಕ್ಕೆ ಸಿಗುವುದು 2 ಎಟಿಪಿ (ಕೋಶದೊಳಗಿನ ಶಕ್ತಿಯ ನಾಣ್ಯ), ಲಿವರ್ ಖರ್ಚು ಮಾಡುವುದು 6. ನಷ್ಟದ ವ್ಯಾಪಾರವೇ, ಆದರೂ ಗಾಯವನ್ನು ಉಪವಾಸ ಕೆಡವಲು ದೇಹ ಒಪ್ಪುವುದಿಲ್ಲ.

ಲ್ಯಾಕ್ಟೇಟ್ ಒಂದೇ ಸಾಲುವುದಿಲ್ಲ. ಸ್ನಾಯು ಕರಗಿ ಅಲನೀನ್‌ನಂಥ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿಭಾಗಗಳು, ಲಿವರಿಗೆ ಹೋಗುತ್ತವೆ, ಅವೂ ಗ್ಲೂಕೋಸ್ ಆಗುತ್ತವೆ. ಇತ್ತ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತವೆ. ರಕ್ತದಲ್ಲಿ ಇನ್ಸುಲಿನ್ ಸಾಕಷ್ಟಿದ್ದರೂ ಸಕ್ಕರೆ ಏರಿಯೇ ಇರುತ್ತದೆ. ಮನೆಯವರಿಗೆ ನಾನು ಹೇಳುವುದು ಇಷ್ಟೇ: ಮೀಟರಿನಲ್ಲಿ ಕಾಣುವ ಆ ಸಕ್ಕರೆಯಲ್ಲಿ ಒಂದು ಪಾಲು ನಿಮ್ಮವರ ತೋಳು ತೊಡೆಗಳಿಂದ ಬಂದದ್ದು.

ಹಾಗಾದರೆ ಸಕ್ಕರೆಯನ್ನು ಪೂರ್ತಿ ಮಾಮೂಲಿಗೆ ತಂದುಬಿಡಬಾರದೇ? ಏರಿದ ಸಕ್ಕರೆಯಿಂದ ಸೋಂಕು ಹೆಚ್ಚುತ್ತದೆ, ಕಸಿ ಮಾಡಿದ ಚರ್ಮ ಹಿಡಿಯುವುದು ಕಷ್ಟವಾಗುತ್ತದೆ, ನಿಜ. ಆದರೆ 2009ರಲ್ಲಿ ಐಸಿಯುಗಳ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ನೈಸ್-ಶುಗರ್ ಅಧ್ಯಯನದಲ್ಲಿ, ಸಕ್ಕರೆಯನ್ನು (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 81ರಿಂದ 108ರೊಳಗೆ ಬಿಗಿಹಿಡಿದವರಲ್ಲೇ ಸಾವು ಹೆಚ್ಚಾಯಿತು. 180 ದಾಟದಂತೆ ನೋಡಿಕೊಂಡವರಲ್ಲಿ ಕಡಿಮೆ. ಅದು ಸುಟ್ಟಗಾಯದವರಿಗೆಂದೇ ಮಾಡಿದ ಅಧ್ಯಯನವಲ್ಲ, ಆದರೂ ನಮ್ಮ ಕೈಯನ್ನು ತಡೆದು ನಿಲ್ಲಿಸಿತು. ಸುಟ್ಟಗಾಯದವರನ್ನು ಪದೇಪದೇ ಶಸ್ತ್ರಚಿಕಿತ್ಸೆಗೆ ಒಯ್ಯುತ್ತೇವೆ, ಆಗೆಲ್ಲ ಆಹಾರ ನಿಲ್ಲುತ್ತದೆ. ಇನ್ಸುಲಿನ್ ನಿಲ್ಲದಿದ್ದರೆ ಸಕ್ಕರೆ ಕುಸಿಯುತ್ತದೆ.

ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಬರೆದುಕೊಳ್ಳಿ. ರಕ್ತಹೀನತೆ ಇದ್ದಾಗ ಬೆರಳ ತುದಿಯ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಕೊಟ್ಟಾಗಲೂ ಕೆಲವು ಮೀಟರ್‌ಗಳು ಹಾಗೆಯೇ. ಆ ಅಂಕಿಯನ್ನು ನಂಬಿ ಇನ್ಸುಲಿನ್ ಏರಿಸಿದರೆ ಅನಾಹುತ. ಅನುಮಾನ ಬಂದರೆ ಲ್ಯಾಬಿಗೆ ಕಳಿಸಿ.

ಇನ್ಸುಲಿನ್‌ಗಿಂತ ಮುಖ್ಯವಾದವೂ ಇವೆ. ಸತ್ತ ಚರ್ಮವನ್ನು ಬೇಗ ತೆಗೆದು ಕಸಿ ಮಾಡುವುದು, ಮೊದಲ ದಿನದಲ್ಲೇ ಮೂಗಿನ ನಳಿಕೆಯಿಂದ ಆಹಾರ ಶುರು ಮಾಡುವುದು, ಕಿಲೋ ತೂಕಕ್ಕೆ ದಿನಕ್ಕೆ 1.5ರಿಂದ 2 ಗ್ರಾಂ ಪ್ರೋಟೀನ್. ಮಕ್ಕಳಲ್ಲಿ ಅಡ್ರಿನಲಿನ್ ಪ್ರಭಾವವನ್ನು ತಡೆಯುವ ಪ್ರೊಪ್ರನಲಾಲ್ ಔಷಧಿ ಎದೆಬಡಿತವನ್ನೂ ಸ್ನಾಯು ಕರಗುವುದನ್ನೂ ತಗ್ಗಿಸಿದ್ದನ್ನು 2001ರಲ್ಲಿ ಡೇವಿಡ್ ಹರ್ನ್‌ಡನ್ ತಂಡ ತೋರಿಸಿತು.

ಗಾಯ ಮುಚ್ಚಿದ ಮೇಲೂ ಇದು ಬೇಗ ಮುಗಿಯುವುದಿಲ್ಲ. ತೀವ್ರವಾಗಿ ಸುಟ್ಟ ಮಕ್ಕಳಲ್ಲಿ ಇನ್ಸುಲಿನ್‌ಗೆ ಬಗ್ಗದ ಸ್ಥಿತಿ ಮೂರು ವರ್ಷದವರೆಗೂ ಕಂಡುಬಂದಿದೆ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಡ್ರೆಸ್ಸಿಂಗ್ ತಾರೀಕಿನ ಪಕ್ಕದಲ್ಲೇ ಮುಂದಿನ ಶುಗರ್ ಟೆಸ್ಟಿನ ತಾರೀಕನ್ನೂ ಸ್ನಾಯು ಮರಳಿ ಕಟ್ಟುವ ವ್ಯಾಯಾಮವನ್ನೂ ಬರೆಯಿರಿ.