ಕೊನೆಯ ಹತ್ತು ಹೆಜ್ಜೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮಕ್ಕಳನ್ನೂ ಕರೆದುಕೊಂಡು ಬಂದಿದ್ದೀರಿ, ತುಂಬಾ ಸಂತೋಷ. ಇವತ್ತು ನಾನು ಹೇಳಬೇಕೆಂದಿರುವುದು ಜಿಯೋಕ್ಯಾಶಿಂಗ್ ಎಂಬ ಆಟದ ಬಗ್ಗೆ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ತಿಳಿಸುತ್ತಾರೆ. ನಾವು ಫೋನಿನ ಜಿಪಿಎಸ್ ಹಿಡಿದು ಹೋಗಿ ಹುಡುಕಬೇಕು. ಸಿಕ್ಕಿದರೆ ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು, ಇದ್ದ ಹಾಗೆಯೇ ಇಟ್ಟು ಬರಬೇಕು. ಒಳಗಿರುವ ಆಟಿಕೆ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದೊಂದನ್ನು ಹಾಕಬೇಕು.

ಆಟ ಹುಟ್ಟಿದ್ದು 2000ನೇ ಇಸವಿಯ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಂಕು ಮಾಡಿಟ್ಟಿತ್ತು. ಅದನ್ನು ತೆಗೆದ ಕೂಡಲೇ, ಮೇ 3ರಂದು, ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬುವರು ಒಂದು ಬಕೆಟ್ಟನ್ನು ಕಾಡಿನಲ್ಲಿಟ್ಟು ಅಂಕಿಗಳನ್ನು ಇಂಟರ್ನೆಟ್‌ನಲ್ಲಿ ಹಾಕಿದರು. ಕೆಲವೇ ದಿನಗಳಲ್ಲಿ ಜನ ಹುಡುಕಿಯೂ ಬಿಟ್ಟರು.

ನಮ್ಮ ಮನೆಗೆ ಈ ಆಟ ಬಂದದ್ದು ಸಕಲೇಶಪುರದ ಹತ್ತಿರ, ನಮ್ಮ ಭಾವನ ಕಾಫಿ ತೋಟದಲ್ಲಿ. ಭಾವ ಟಿಫನ್ ಡಬ್ಬಿಯೊಂದನ್ನು ಅಡಗಿಸಿ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಮಗಳು ಅದನ್ನು ಫೋನಿಗೆ ಹಾಕುವಾಗ ಅಕ್ಷಾಂಶದಲ್ಲಿ ದಶಮಾಂಶದ ನಾಲ್ಕನೇ ಸ್ಥಾನದ 1 ಅನ್ನು 7 ಎಂದು ಓದಿದಳು. ಆ ಸ್ಥಾನದ ಒಂದೊಂದು ಅಂಕಿಯೂ ನೆಲದ ಮೇಲೆ ಸುಮಾರು 11 ಮೀಟರ್. ಆರು ಅಂಕಿ ಹೆಚ್ಚಾದದ್ದಕ್ಕೆ 66 ಮೀಟರ್ ಉತ್ತರಕ್ಕೆ, ಪಕ್ಕದವರ ಶುಂಠಿ ಪಾತಿಯ ಅಂಚಿಗೆ ಹೋಗಿ ನಿಂತೆವು. ಅಲ್ಲೇ ಬೇಲಿ ಪಕ್ಕ ಕೂತು ಅವಳೇ ಲೆಕ್ಕ ಮಾಡಿ ತಪ್ಪು ಹಿಡಿದಳು. ದಶಮಾಂಶ ಕಲಿಸಲು ನಾನು ಅದಕ್ಕೆ ಮೊದಲು ಎಷ್ಟೋ ಸಂಜೆ ಅವಳ ಜೊತೆ ಗುದ್ದಾಡಿದ್ದೆ.

ಸರಿಯಾದ ಜಾಗಕ್ಕೆ ಬಂದ ಮೇಲೂ ಡಬ್ಬಿ ಕಾಣಲಿಲ್ಲ. ಬಯಲಿನಲ್ಲಿ ಫೋನು ನಾಲ್ಕೈದು ಮೀಟರ್ ಹತ್ತಿರಕ್ಕೆ ತೋರಿಸುತ್ತದೆ. ಆದರೆ ಸಿಲ್ವರ್ ಮರ, ಹಲಸು, ಅತ್ತಿ ದಟ್ಟವಾಗಿ ಬೆಳೆದ ಕಡೆ ಉಪಗ್ರಹದ ಸಂಕೇತ ಎಲೆಗಳಲ್ಲಿ ಸಿಕ್ಕಿ ಸೊರಗುತ್ತದೆ. ನೀಲಿ ಚುಕ್ಕೆ ಅತ್ತ ಇತ್ತ ಕುಣಿಯುತ್ತಿತ್ತು, ಮಗ ಅದರ ಹಿಂದೆಯೇ ಸುತ್ತುತ್ತಿದ್ದ. ಆಗ ನಮ್ಮಮ್ಮ, ಅಲ್ಲೇ ಕಲ್ಲಿನ ಮೇಲೆ ಕೂತಿದ್ದವರು, ಹೇಳಿದರು: “ಫೋನ್ ಕೆಳಗಿಡು ಮಗಾ, ಆ ಕಲ್ ನೋಡು. ಎಲ್ಲಾ ಕಲ್ಲಲ್ಲೂ ಪಾಚಿ ಮೇಲೈತೆ, ಅದ್ರಲ್ ಮಾತ್ರ ಕೆಳಗೈತೆ.” ಮಗುಚಿಟ್ಟ ಕಲ್ಲು ಅದು. ಕೋಲಿನಿಂದ ಸರಿಸಿದರೆ ಹಿಂದೆ ಡಬ್ಬಿ, ಮುಚ್ಚಳದ ಮೇಲೆ ಒಂದು ಇಂಬಳ, ಅಂದರೆ ಜಿಗಣೆ. ಮೊದಲ ಮಳೆಗೆ ಅಣಬೆ ಹುಡುಕಿ ಬೆಳೆದ ಕಣ್ಣು ಅವರದ್ದು. ಆವತ್ತಿನಿಂದ ಮಗ ಅಜ್ಜಿಯನ್ನು ಬಿಟ್ಟು ಹೊರಡುವುದೇ ಇಲ್ಲ. ಈ ಆಟವನ್ನು ನಾನು ಇಷ್ಟೊಂದು ಹಚ್ಚಿಕೊಂಡದ್ದು ಅದಕ್ಕೇ. ಉಪಗ್ರಹ ನಮ್ಮನ್ನು ಮರದ ಬುಡದವರೆಗೆ ತಂದು ಬಿಡುತ್ತದೆ, ಕೊನೆಯ ಹತ್ತು ಹೆಜ್ಜೆ ನಮ್ಮ ಕಣ್ಣಿನದು. ಅಲ್ಲಿ ಎಂಟು ವರ್ಷದವನೂ ಎಪ್ಪತ್ತು ವರ್ಷದವರೂ ಸರಿಸಮ.

ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತದೆ, ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ಹೋಗುವ ದಾರಿ ಎಷ್ಟು ಕಷ್ಟ ಎಂದು. 1ರಿಂದ 5ರವರೆಗೆ. ಮಕ್ಕಳಿದ್ದರೆ ಎರಡೂ 1 ಅಥವಾ 1.5 ಇರುವುದನ್ನೇ ಆರಿಸಿ. ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ ನಮ್ಮ ಭಾವ ಮಾಡಿದಂತೆ ನೀವೇ ಇಡಿ.

ಆದರೆ ಎಲ್ಲಿ ಇಡಬಾರದು ಎಂಬುದನ್ನು ಗಟ್ಟಿಯಾಗಿ ಹೇಳುತ್ತೇನೆ. ಬೇಲೂರು, ಹಳೇಬೀಡು, ಮಂಜರಾಬಾದ್ ಕೋಟೆ, ಇಂಥ ಕಡೆ ಒಂದು ಕಲ್ಲನ್ನೂ ಅಲುಗಿಸಬೇಡಿ. ಅಲ್ಲಿ ಡಬ್ಬಿಯಿಲ್ಲದೆಯೇ ಆಡಬಹುದು. ನಾವು ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಹೋದಾಗ ಮಕ್ಕಳಿಗೆ ಕೇಳಿದ್ದು ಒಂದೇ ಪ್ರಶ್ನೆ: ನಾಲ್ಕು ಗರ್ಭಗುಡಿಗಳಲ್ಲಿ ಯಾವುದರ ಶಿಖರ ಬೇರೆ? ಮೂರು ಒಂದೇ ಥರ, ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳ ಕದಂಬ ಶೈಲಿ. ನಾಲ್ಕನೆಯದು ಕೆತ್ತನೆ ತುಂಬಿದ್ದು. ಉತ್ತರ ಹುಡುಕುತ್ತಾ ಸುತ್ತುವಾಗ ಕಾಳಿಯ ಗುಡಿ ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳನ್ನು ಕಂಡು ಮಗ ಅಜ್ಜಿಯ ಸೆರಗು ಹಿಡಿದ. ಹೊಯ್ಸಳ ರಾಜ ವಿಷ್ಣುವರ್ಧನನ ಕಾಲದಲ್ಲಿ ವ್ಯಾಪಾರಿ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಗುಡಿ ಅದು. ಆ ಹೆಸರುಗಳು ಮಕ್ಕಳಿಗೆ ಇವತ್ತಿಗೂ ನೆನಪಿವೆ.

ಇನ್ನೊಂದು, ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಿಗೆ ಹೋಗುವ ಮೊದಲು ಅಲ್ಲಿನ ರೈಟರನ್ನು, ಅಂದರೆ ತೋಟದ ಕೆಲಸ ನೋಡಿಕೊಳ್ಳುವವರನ್ನು, ಕೇಳಿ. ಆನೆ ಈಚೆಗೆ ಬಂದಿದೆ ಎಂದರೆ ಮರುಮಾತಿಲ್ಲದೆ ವಾಪಸ್ ಬನ್ನಿ. ಮಾಲೀಕರ ಒಪ್ಪಿಗೆ ಇಲ್ಲದೆ ತೋಟಕ್ಕೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿಗೆ ಕಾಲಿಡಬೇಡಿ. ಬಿಲ, ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಕೋಲು ಬಳಸಿ. ಡಬ್ಬಿಯಲ್ಲಿ ತಿಂಡಿ ಇಟ್ಟರೆ ಇರುವೆ, ಕೋತಿ ಎರಡೂ ಬರುತ್ತವೆ. ಪಾರದರ್ಶಕ ಡಬ್ಬಿಯೇ ಇರಲಿ, ಮೇಲೆ ಕನ್ನಡದಲ್ಲಿ ‘ಇದು ಆಟದ ಡಬ್ಬಿ’ ಎಂದು ಬರೆದು ಅಂಟಿಸಿ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ ಹತ್ತಿರವಂತೂ ಬೇಡವೇ ಬೇಡ.

ಬೆಳಿಗ್ಗೆ ಬೇಗ ಬಂದು, ಇಲ್ಲಿಯವರ ಒಪ್ಪಿಗೆ ಪಡೆದು, ಈ ಕಾಂಪೌಂಡಿನೊಳಗೇ ಒಂದು ಡಬ್ಬಿ ಇಟ್ಟಿದ್ದೇನೆ. ಅಂಕಿಗಳು ಹಲಗೆಯ ಮೇಲಿವೆ, 1 ಮತ್ತು 7 ಎರಡನ್ನೂ ಬಿಡಿಸಿ ಬರೆದಿದ್ದೇನೆ. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಹೊರಡಿ.